ಇಬ್ಬರು ನೆರೆಯವರ ಹೇಳಿಕೆ

ಪೊಲೀಸ್ ಕೆಲಸದಲ್ಲಿದ್ದೆ ಎಂದರೆ ನೆಂಟರ ಮಕ್ಕಳು ಮೊದಲು ಕೇಳುವುದು, "ಎಷ್ಟು ಜನ ಕಳ್ಳರನ್ನ ಹಿಡಿದ್ರಿ ಅತ್ತೆ?" ಅಂತ. ನಾನು ಹಿಡಿದ ಕಳ್ಳರು ಬಹಳ ಕಡಿಮೆ. ನನ್ನ ಸೇವೆಯ ಹೆಚ್ಚಿನ ಭಾಗ ಹೋದದ್ದು ಕಳ್ಳರಲ್ಲದವರನ್ನು ಕಳ್ಳರಲ್ಲ ಎಂದು ಬರೆದುಕೊಡುವುದರಲ್ಲಿ. ಇದನ್ನು ಕೇಳಿದ ಮಕ್ಕಳು ಮುಖ ಸಪ್ಪೆ ಮಾಡಿಕೊಂಡು ಎದ್ದುಹೋಗುತ್ತಾರೆ.

ಈಚೆಗೆ, ಇಲಾಖೆಗೆ ಹೊಸದಾಗಿ ಸೇರಿದ ಹೆಣ್ಣುಮಗಳೊಬ್ಬಳು ಫೋನ್ ಮಾಡಿದ್ದಳು. "ಮೇಡಂ, ನನ್ನನ್ನ ವೆರಿಫಿಕೇಷನ್ ಕೆಲಸಕ್ಕೆ ಹಾಕಿದಾರೆ. ಬರೀ ಹಾಳೆ ತುಂಬೋ ಕೆಲಸ. ಇದರಲ್ಲಿ ಕಲಿಯೋದೇನಿದೆ?" ಎಂದು ಬೇಸರಪಟ್ಟಳು. ಫೋನಿನಲ್ಲಿ ಅವಳಿಗೆ ಸರಿಯಾಗಿ ಉತ್ತರ ಕೊಡಲಾಗಲಿಲ್ಲ. ಅವಳಿಗೂ ಅವಳಂಥವರಿಗೂ ಇರಲಿ ಎಂದು ಬರೆಯಲು ಕೂತಿದ್ದೇನೆ.

ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ಸರ್ಕಾರಿ ನೌಕರಿಗೆ ಆಯ್ಕೆಯಾದವರ ಮೇಲೆ ಯಾವುದಾದರೂ ಕ್ರಿಮಿನಲ್ ಕೇಸು ಇದೆಯೇ, ಅವರ ನಡತೆ ಹೇಗೆ ಎಂದು ಇಲಾಖೆಗಳು ಪೊಲೀಸರನ್ನು ಕೇಳುತ್ತವೆ. ಈಚೀಚೆಗೆ ಗುತ್ತಿಗೆಯ ಮೇಲೆ ಬರುವ ಡ್ರೈವರು, ವಾಚ್‌ಮನ್, ಹಾಸ್ಟೆಲ್ಲಿನ ಅಡುಗೆಯವರು, ಕಂಪ್ಯೂಟರ್ ಆಪರೇಟರು ಎಲ್ಲರಿಗೂ ಇದು ಬಂದಿದೆ. ನಾವು ಠಾಣೆಯ ಕೇಸುಗಳಲ್ಲಿ ಅವರ ಹೆಸರು ಹುಡುಕಬೇಕು, ಮನೆಗೆ ಹೋಗಿ ವಿಚಾರಿಸಬೇಕು, ಇಬ್ಬರು ನೆರೆಯವರ ಹೇಳಿಕೆ ಪಡೆಯಬೇಕು, ವರದಿ ಬರೆದು ಇನ್ಸ್‌ಪೆಕ್ಟರ ಸಹಿಗೆ ಇಡಬೇಕು. ಮಳವಳ್ಳಿ, ಮಂಡ್ಯ, ಮದ್ದೂರು, ಎಲ್ಲಿಗೆ ವರ್ಗವಾದರೂ ಸ್ವಲ್ಪ ದಿನಕ್ಕೆ ಈ ಕೆಲಸ ನನ್ನನ್ನೇ ಹುಡುಕಿಕೊಂಡು ಬರುತ್ತಿತ್ತು. "ಹೆಂಗಸು, ಮನೆಯೊಳಕ್ಕೆ ಹೋಗಿ ಮಾತಾಡಿಸಿಕೊಂಡು ಬರ್ತಾಳೆ" ಎಂಬುದು ಮೇಲಿನವರ ಲೆಕ್ಕಾಚಾರ. ಆ ಲೆಕ್ಕ ತಪ್ಪಾಗಿರಲಿಲ್ಲ.

ಶುರುವಿನಲ್ಲಿ ನಾನು ಯೂನಿಫಾರಂ ಹಾಕಿಕೊಂಡೇ ಹೋಗುತ್ತಿದ್ದೆ. ಮಳವಳ್ಳಿಯ ಒಂದು ಬೀದಿಯಲ್ಲಿ ಮೇಷ್ಟರ ಕೆಲಸಕ್ಕೆ ಆಯ್ಕೆಯಾದ ಹುಡುಗನ ಮನೆ ಹುಡುಕಿಕೊಂಡು ಹೋದೆ. ಬಾಗಿಲಲ್ಲಿ ಚಪ್ಪಲಿ ರಾಶಿ ಬಿದ್ದಿತ್ತು. ನಾನು ಒಳಗೆ ಕಾಲಿಟ್ಟಾಗ ಹುಡುಗನಿಗೆ ಹೆಣ್ಣು ಕೊಡಲು ಬಂದವರು ನಡುಮನೆಯಲ್ಲಿ ಕೂತು ಉಪ್ಪಿಟ್ಟು ತಿನ್ನುತ್ತಿದ್ದರು. ಖಾಕಿ ಕಂಡದ್ದೇ ತಡ, ಎಲ್ಲರ ಕೈ ತಟ್ಟೆಯ ಮೇಲೇ ನಿಂತಿತು. ಹುಡುಗನ ಅಜ್ಜಿ ಮೂಲೆಯಿಂದ ಎದ್ದು, "ನಮ್ಮುಡ್ಗ ಏನ್ ಮಾಡುದ್ನವ್ವ? ಒಬ್ರ ತಂಟೆಗೋಗೋನಲ್ಲ ಕಣವ್ವ, ಬುಟ್ಬುಡಿ" ಎಂದು ನನ್ನ ಕೈ ಹಿಡಿದುಕೊಂಡು ಅಳತೊಡಗಿದಳು. ಕೆಲಸ ಸಿಕ್ಕಿದೆ ಎಂದು ವಿಚಾರಿಸಲು ಬಂದಿದ್ದೇನೆ ಎಂದು ಎಷ್ಟು ಬಿಡಿಸಿ ಹೇಳಿದರೂ ಹೆಣ್ಣಿನ ಕಡೆಯ ಹಿರಿಯರೊಬ್ಬರು, "ಕೆಲ್ಸ ಕೊಡಾಕೆ ಪೋಲೀಸ್ನೋರು ಬಂದದ್ದ ನಾ ಕಾಣೆ" ಎಂದು ಟವೆಲು ಕೊಡವಿ ಎದ್ದರು. ನಾನು ಅವರನ್ನು ಠಾಣೆಗೇ ಕರೆದುಕೊಂಡು ಹೋಗಿ, ಇಲಾಖೆಯಿಂದ ಬಂದ ಕಾಗದ ತೋರಿಸಿ, ಮತ್ತೆ ಆ ಮನೆಗೆ ತಂದು ಬಿಟ್ಟೆ. ಮದುವೆಯೇನೋ ಮುಂದೆ ಆಯಿತು. ನಾನು ಮಾತ್ರ ಆ ಭೇಟಿಯ ಮಾರನೆಯ ದಿನದಿಂದಲೇ ಸೀರೆಯುಟ್ಟು, ಕೈಚೀಲ ಹಿಡಿದು, ಬಸ್ಸಿನಲ್ಲಿ ಹೋಗತೊಡಗಿದೆ. ನೀವೂ ಹಾಗೇ ಹೋಗಿ. ನಮಗೆ ಅದು ದಿನದ ಹತ್ತರಲ್ಲಿ ಒಂದು ಕೆಲಸ. ಆ ಮನೆಯವರಿಗೆ ಬೀದಿಯೆಲ್ಲ ನೋಡುತ್ತಿರುವ ಗಳಿಗೆ.

ಆಮೇಲೆ ಕಂಪ್ಯೂಟರು ಬಂತು. ಹಿಂದೆ ಒಂದು ಹೆಸರಿಗಾಗಿ ಹಳೆಯ ಪುಸ್ತಕಗಳ ಧೂಳು ಕುಡಿದು ಕೆಮ್ಮುತ್ತಿದ್ದೆವು. ಈಗ ಹೆಸರು ಹಾಕಿ ಒತ್ತಿದರೆ ಯಾವ ಠಾಣೆಯ ಯಾವ ಕೇಸಿದ್ದರೂ ಕಣ್ಣೆದುರು ಬರುತ್ತದೆ. ಒಳ್ಳೆಯದೇ. ಆದರೆ ನಮ್ಮ ಸೀಮೆಯಲ್ಲಿ ಒಂದೇ ಊರಲ್ಲಿ ಎಷ್ಟು ಶಿವಲಿಂಗು, ಎಷ್ಟು ಬೋರೇಗೌಡ ಇದ್ದಾರೆಂದು ಆ ಯಂತ್ರಕ್ಕೆ ಯಾರೂ ಹೇಳಿರಲಿಲ್ಲ. ಮಂಡ್ಯದಲ್ಲಿದ್ದಾಗ ಒಂದು ಸರ್ಕಾರಿ ಕಚೇರಿಗೆ ಗುತ್ತಿಗೆಯ ಮೇಲೆ ಬಂದಿದ್ದ ಶಿವಲಿಂಗು ಎಂಬ ಹುಡುಗನ ಹೆಸರು ಹಾಕಿದರೆ, ಬೋರೇಗೌಡರ ಮಗ ಶಿವಲಿಂಗು, ಪಂಪ್‌ಸೆಟ್ ಕಳವು ಎಂದು ಬಂತು. ತಂದೆಯ ಹೆಸರು ಅದೇ, ಊರೂ ಅದೇ. ನಾನು ಊರಿಗೆ ಹೋಗಿ ನೋಡಿಕೊಂಡು ಬರುವಷ್ಟರಲ್ಲಿ ಗುತ್ತಿಗೆದಾರನ ಕಡೆಯವನೊಬ್ಬ ಠಾಣೆಯಲ್ಲಿ ಯಾರನ್ನೋ ಬಾಯಿಮಾತಲ್ಲಿ ಕೇಳಿ ತಿಳಿದುಕೊಂಡು, ಹುಡುಗನನ್ನು ಅಂದೇ ಮನೆಗೆ ಕಳಿಸಿಬಿಟ್ಟಿದ್ದ.

ಊರಿಗೆ ಹೋದೆ. ಕೇಸಿನ ಶಿವಲಿಂಗು ಇವನಿಗಿಂತ ಎಷ್ಟೋ ದೊಡ್ಡವನು, ಊರು ಬಿಟ್ಟು ವರ್ಷಗಳಾಗಿದ್ದವು. ಹುಡುಗ ಜಗಲಿಯ ಮೇಲೆ ಕೂತಿದ್ದ.

"ಅವ್ನಲ್ಲ ನೀನು ಅಂತ ನಾನು ಬರೆದುಕೊಡ್ತೀನಪ್ಪ" ಎಂದೆ.

"ಬರ್ಕೊಡಿ ಮೇಡಮ್ಮೋರೆ. ಆಪೀಸಿನಲ್ಲಿ ನನ್ ಪಕ್ಕ ಕೂರ್ತಿದ್ದೋರಿಗೆ ಯಾರ್ ಬರ್ಕೊಡ್ತಾರೆ? ಅವ್ರು ಚೀಲಕ್ಕೆ ಬೀಗ ಆಕ್ಕತಿದ್ರು ನಾನ್ ಓಗ್ಬೇಕಾದ್ರೆ" ಎಂದ.

ವರದಿ ಸರಿಯಾಗಿಯೇ ಹೋಯಿತು. ಗುತ್ತಿಗೆದಾರ ಅಷ್ಟರಲ್ಲಿ ಆ ಜಾಗಕ್ಕೆ ಬೇರೆಯವರನ್ನು ಹಾಕಿಕೊಂಡಿದ್ದ. ಹುಡುಗ ಆಮೇಲೆ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದನೆಂದು ಕೇಳಿದೆ. ಅಂದಿನಿಂದ ವಿಚಾರಣೆ ಮುಗಿಯುವವರೆಗೆ ಠಾಣೆಯಲ್ಲಿ ಯಾರ ಹೆಸರನ್ನೂ ಗಟ್ಟಿಯಾಗಿ ಹೇಳಬೇಡಿ ಎಂದು ನನ್ನ ಜೊತೆಯವರ ಬಳಿ ಜಗಳವಾಡತೊಡಗಿದೆ. ಜಗಳಗಂಟಿ ಎಂದು ಹೆಸರೂ ಬಂತು.

ಇನ್ನೊಂದನ್ನು ಹೇಳದಿದ್ದರೆ ಹೊಸಬರಿಗೆ ಮುಖ್ಯವಾದದ್ದೇ ಬಿಟ್ಟಂತಾಗುತ್ತದೆ. ಕೆಲಸಕ್ಕೆ ಆಯ್ಕೆಯಾದವರು ಒಂದು ನಮೂನೆ ತುಂಬಿಕೊಡುತ್ತಾರೆ. ನಿಮ್ಮ ಮೇಲೆ ಎಂದಾದರೂ ಕೇಸು ದಾಖಲಾಗಿದೆಯೇ ಎಂದು ಅದರಲ್ಲಿ ಕೇಳಿರುತ್ತದೆ. ಮಂಡ್ಯ ಕಡೆಯ ಒಬ್ಬ ಯುವಕ ಬಸ್ ಚಾಲಕನ ಕೆಲಸಕ್ಕೆ ಆಯ್ಕೆಯಾಗಿದ್ದ. ಕಾವೇರಿ ನೀರಿನ ಗಲಾಟೆ ನಡೆದ ಒಂದು ವರ್ಷ ಹೆದ್ದಾರಿಯಲ್ಲಿ ಕೂತವರ ಜೊತೆ ಅವನ ಮೇಲೂ ಕೇಸಾಗಿತ್ತು. ನಮ್ಮ ಜಿಲ್ಲೆಯಲ್ಲಿ ಆ ದಿನಗಳಲ್ಲಿ ರಸ್ತೆಗೆ ಇಳಿಯದವರೇ ಕಡಿಮೆ. ಅಂಥ ಕೇಸುಗಳನ್ನು ಸರ್ಕಾರ ಆಮೇಲೆ ವಾಪಸು ತೆಗೆದುಕೊಂಡಿತ್ತು ಕೂಡ. ಆತ ನಮೂನೆಯಲ್ಲಿ "ಇಲ್ಲ" ಎಂದು ಬರೆದಿದ್ದ.

"ಯಾಕಪ್ಪ ಹಿಂಗೆ ಬರೆದೆ?" ಎಂದೆ.

"ನೀರ್ ಕೇಳಾಕೆ ಕುಂತಿದ್ದು ಅಪರಾದನಾ ಮೇಡಮ್ಮೋರೆ? ನಾನೇನ್ ಕಳ್ಳತನ ಮಾಡುದ್ನಾ? ಅದ್ಕೇ ಇಲ್ಲ ಅಂತ ಬರ್ದೆ" ಎಂದ.

ಅವನ ಮಾತೇನೋ ಸರಿಯೇ. ಆದರೆ ಇಲಾಖೆಯವರು ನೋಡಿದ್ದು ಕೇಸನ್ನಲ್ಲ, ಮುಚ್ಚಿಟ್ಟದ್ದನ್ನು. "ಹೌದು" ಎಂದು ಬರೆದಿದ್ದರೆ ಇಂದು ಅವನು ಬಸ್ಸು ಓಡಿಸುತ್ತಿದ್ದ. ಆಯ್ಕೆ ರದ್ದಾಯಿತು. ಆಗಿನಿಂದ ಯಾರೇ ನಮೂನೆ ಹಿಡಿದು ನನ್ನ ಬಳಿ ಬಂದು ಕೇಳಿದರೂ, ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ, ಅಪರಾಧವೋ ಅಲ್ಲವೋ ಎಂಬುದನ್ನು ಬೇರೆಯವರು ತೀರ್ಮಾನಿಸಲಿ ಎನ್ನುತ್ತಿದ್ದೆ.

ಈಗ ಪವಿತ್ರಳ ವಿಷಯಕ್ಕೆ ಬರುತ್ತೇನೆ. ಇಷ್ಟೆಲ್ಲ ಬರೆಯಲು ಕೂತದ್ದು ನಿಜವಾಗಿ ಅವಳಿಗಾಗಿಯೇ ಇರಬೇಕು.

ನಾನು ಮದ್ದೂರಿನ ಕಡೆ ಇದ್ದಾಗಿನ ಮಾತು. ಬೆಸಗರಹಳ್ಳಿಯಿಂದ ಸ್ವಲ್ಪ ಮುಂದೆ ಒಂದು ಊರು, ಹೆಸರು ಬೇಡ. ಆ ಊರಿನ ಪವಿತ್ರ ಎಂಬ ಹುಡುಗಿ ಜೈಲಿನ ವಾರ್ಡರ್ ಕೆಲಸಕ್ಕೆ ಆಯ್ಕೆಯಾಗಿದ್ದಳು. ಕಬಡ್ಡಿ ಆಡುವ ಗಟ್ಟಿ ಹುಡುಗಿ. ಕಂಪ್ಯೂಟರಿನಲ್ಲಿ ಅವಳ ಹೆಸರು ಹಾಕಿದೆ. ಹೊಡೆದಾಟದ ಕೇಸು, ಮೂರನೇ ಆರೋಪಿ, ವಿಚಾರಣೆ ಮದ್ದೂರಿನ ಕೋರ್ಟಿನಲ್ಲಿ ಬಾಕಿ. ಬೇರೆ ಯಾರೋ ಪವಿತ್ರ ಇರಬಹುದೆಂದು ನೋಡಿದೆ. ಇಲ್ಲ, ಇವಳೇ. ನಮೂನೆ ತೆರೆದು ನೋಡಿದೆ. ಕೇಸಿದೆಯೇ ಎಂಬಲ್ಲಿ "ಹೌದು" ಎಂದು ಸ್ಪಷ್ಟ ಅಕ್ಷರದಲ್ಲಿ ಬರೆದು ಕೇಸಿನ ನಂಬರನ್ನೂ ಹಾಕಿದ್ದಳು. ನನಗೆ ಅವಳನ್ನು ನೋಡುವ ಮೊದಲೇ ಅವಳ ಮೇಲೆ ಗೌರವ ಬಂತು.

ದೂರು ಕೊಟ್ಟವರು ತಿಮ್ಮೇಗೌಡ ಎಂಬವರು. ಪವಿತ್ರಳ ಅಪ್ಪ ಪುಟ್ಟಸ್ವಾಮಿಯ ಒಡಹುಟ್ಟಿದ ಅಣ್ಣ. ಅಣ್ಣತಮ್ಮಂದಿರ ಪಾಲಾದ ಗದ್ದೆಗೆ ಒಂದೇ ಪಂಪು ಇತ್ತು. ಯಾರ ಸರದಿ ಎಂಬ ಮಾತು ಬೆಳೆದು ಪುಟ್ಟಸ್ವಾಮಿ ಗುದ್ದಲಿಯ ಕಾವಿನಲ್ಲಿ ಅಣ್ಣನ ಬಲಗೈಗೆ ಬಾರಿಸಿದ್ದ. ಮೂಳೆ ಮುರಿದಿತ್ತು. ದೂರಿನಲ್ಲಿ ಪುಟ್ಟಸ್ವಾಮಿ, ಅವನ ಹೆಂಡತಿ, ಮಗಳು ಮೂವರೂ ಸೇರಿ ಹೊಡೆದರು ಎಂದಿತ್ತು.

ಈ ಕಡೆ ಕೆಲಸ ಮಾಡಿದವರಿಗೆ ಇದರ ವಾಸನೆ ಬೇಗ ಬಡಿಯುತ್ತದೆ. ಹೊಲಗದ್ದೆಯ ಜಗಳದಲ್ಲಿ ಹೊಡೆದವರ ಹೆಸರಿನ ಜೊತೆಗೆ ಆ ಮನೆಯಲ್ಲಿ ಓದುತ್ತಿರುವ, ಸರ್ಕಾರಿ ಕೆಲಸಕ್ಕೆ ಪರೀಕ್ಷೆ ಬರೆಯುತ್ತಿರುವ ಮಗನ ಹೆಸರೋ ಮಗಳ ಹೆಸರೋ ಸೇರಿಸುವುದುಂಟು. ತನಗೆ ಜೈಲಾದರೂ ಅಪ್ಪ ಸಹಿಸಿಯಾನು, ಮಗಳ ನೌಕರಿ ಹೋಗುತ್ತದೆ ಎಂದರೆ ತಾನಾಗಿ ಬಂದು ಕಾಲು ಹಿಡಿಯುತ್ತಾನೆ ಎಂಬ ಯೋಚನೆ. ಇಲ್ಲಿಯೂ ಹಾಗೇ ಆಗಿದೆಯೇ? ಅನುಮಾನ ಬಂತೆಂದು ಬರೆಯಲಾಗುವುದಿಲ್ಲ. ಹೋಗಿ ನೋಡಬೇಕು.

ಬಸ್ಸಿಳಿದು ಮನೆ ಹುಡುಕಿದೆ. ಉದ್ದನೆಯ ಹಳೆಯ ಹೆಂಚಿನ ಮನೆಯೊಂದನ್ನು ನಡುವೆ ಗೋಡೆ ಎಬ್ಬಿಸಿ ಎರಡು ಮಾಡಿದ್ದರು. ಎಡಗಡೆ ತಮ್ಮನ ಸಂಸಾರ, ಬಲಗಡೆ ಅಣ್ಣನದು. ಪವಿತ್ರ ಅಂಗಳದಲ್ಲಿ ಬಟ್ಟೆ ಹಿಂಡುತ್ತಿದ್ದಳು. ಗುರುತು ಹೇಳಿಕೊಂಡೆ. ಕೈ ಒರೆಸಿಕೊಂಡು ಬಂದು, ಕುರ್ಚಿ ಹಾಕಿ, ನಾನು ಕೇಳುವ ಮೊದಲೇ ಹೇಳಿದಳು:

"ಆ ಕೇಸು ನನ್ ಮೇಲದೆ ಮೇಡಂ. ಬರೀಬ್ಯಾಡ ಅಂತ ಎಲ್ರೂ ಅಂದ್ರು. ನಾಳೆ ಗೊತ್ತಾಗೇ ಆಗ್ತದೆ, ಅದ್ಕೆ ಬರ್ದೆ."

"ಹೊಡೆದಾಟದಲ್ಲಿ ನೀನು ಇದ್ದೆಯಾ?"

"ಇರ್ನಿಲ್ಲ. ಮಂಡ್ಯದಲ್ಲಿ ಪ್ರಾಕ್ಟೀಸ್ಗೆ ಓಗಿದ್ದೆ. ಬಸ್ಸಿಳ್ದು ಬತ್ತಿದ್ದಂಗೆ ದೊಡ್ಡಪ್ಪ ಕೈ ಹಿಡ್ಕಂಡು ಗದ್ದೆ ಬದೀನಲ್ಲಿ ಕುಂತಿದ್ರು. ನಾನೂ ದೊಡ್ಡವ್ವನೂ ಆಟೋಗೆ ಹತ್ತಿಸ್ಕಂಡು ಮದ್ದೂರ್ ಆಸ್ಪತ್ರೆಗೆ ಓದೊ." ಇಷ್ಟು ಹೇಳಿ ಗೋಡೆಯ ಕಡೆ ನೋಡಿದಳು. "ಎರಡ್ ದಿನ ಆದ್ಮೇಲೆ ನನ್ ಹೆಸ್ರೂ ಐತೆ ಅಂತ ಗೊತ್ತಾಯ್ತು."

ಪುಟ್ಟಸ್ವಾಮಿ ಒಳಗಿನಿಂದ ಬಂದು ಕಂಬಕ್ಕೆ ಒರಗಿ ನಿಂತ. ತಲೆ ಎತ್ತಲಿಲ್ಲ. "ನಾನೇ ಹೊಡ್ದಿದ್ದು. ಅದ ಎಲ್ಲಿ ಬೇಕಾರೂ ಏಳ್ತೀನಿ. ಮಗ್ಳ ಯಾಕ್ ಎಳ್ಕಂಡ್ನೋ ಅವ್ನು" ಎಂದ. ಅವನ ಹೆಂಡತಿ ಬಾಗಿಲ ಮರೆಯಲ್ಲಿ ನಿಂತು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಇನ್ನು ಇಬ್ಬರು ನೆರೆಯವರ ಹೇಳಿಕೆ ಬೇಕಿತ್ತು. ಪವಿತ್ರಳ ಮನೆಯ ಎಡಕ್ಕಿದ್ದ ಪಕ್ಕದ ಮನೆಯ ಮುದುಕ ಒಳ್ಳೆಯ ಮಾತು ಹೇಳಿ ಸಹಿ ಹಾಕಿದ. ಬಲಗಡೆಯ ನೆರೆ ಎಂದರೆ ಅದೇ ತಿಮ್ಮೇಗೌಡರ ಮನೆ. ಬೇರೆ ಯಾರನ್ನಾದರೂ ಕೇಳಿದ್ದರೆ ನಡೆಯುತ್ತಿತ್ತು. ಬೀದಿಯಲ್ಲಿ ಎಷ್ಟೋ ಮನೆಗಳಿದ್ದವು. ಆದರೆ ಗೋಡೆಗೆ ಗೋಡೆ ಅಂಟಿದ ಮನೆಯನ್ನು ಬಿಟ್ಟು ಮುಂದಕ್ಕೆ ಹೋದರೆ ನಾನು ಬೇಕಾದವರನ್ನು ಮಾತ್ರ ಕೇಳಿದಂತೆ ಅನ್ನಿಸಿತು. ಬಾಗಿಲು ತಟ್ಟಿದೆ.

ತಿಮ್ಮೇಗೌಡರು ಜಗಲಿಯ ಮೇಲೆ ಕೂತಿದ್ದರು. ಬಲಗೈ ಮೊಣಕೈ ಬಳಿ ಸೊಟ್ಟಗೆ ಕೂಡಿಕೊಂಡಿತ್ತು. ಬಂದ ಕಾರಣ ಹೇಳಿದೆ.

"ಯಾವ್ ಕೆಲ್ಸ ಸಿಕ್ಕೈತೆ ಅವ್ಳಿಗೆ?"

"ಜೈಲಿನಲ್ಲಿ."

"ಕಾಯಾಕೋ, ಕೂರಾಕೋ?" ಎಂದು ನಕ್ಕರು. ಒಳಗಿನಿಂದ ಪಾತ್ರೆ ಕುಕ್ಕಿದ ಸದ್ದು ಬಂತು. ಅವರ ನಗು ಅಲ್ಲೇ ನಿಂತಿತು.

"ಆ ಹುಡುಗಿಯ ನಡತೆ ಬಗ್ಗೆ ನಿಮ್ಮ ಹೇಳಿಕೆ ಬೇಕು. ಹೇಳಲೇಬೇಕೆಂದು ಬಲವಂತ ಇಲ್ಲ" ಎಂದೆ.

"ಕೇಸ್ ಐತಲ್ಲ, ಅದ್ರಲ್ಲಿ ಬರ್ದೈತಲ್ಲ. ಓದ್ಕಳಿ."

ಆಗ ಅವರ ಹೆಂಡತಿ ಹೊರಗೆ ಬಂದರು. ಸಾಕಮ್ಮ. ಸಣ್ಣ ದೇಹ, ಬಿಳಿ ಕೂದಲು, ಕೈಯೆಲ್ಲ ರಾಗಿಹಿಟ್ಟು. ಗಂಡನ ಕಡೆ ತಿರುಗದೆ ನನ್ನನ್ನೇ ನೋಡಿ ಹೇಳಿದರು:

"ನನ್ನ ಕೇಳವ್ವ, ನಾನ್ ಏಳ್ತೀನಿ. ಅವ್ಳವ್ವ ಹಾಸ್ಗೆ ಹಿಡ್ದು ಮಲ್ಗಿದ್ದಾಗ ಆ ಕೂಸ ನಾನ್ ಸಾಕ್ದೋಳು. ನಂಗೆ ಹೆಣ್ಮಕ್ಕಳಿಲ್ಲ. ಅವತ್ತು ಆಟೋದಲ್ಲಿ ಇವ್ರ ಕೈಯ ತೊಡೆ ಮ್ಯಾಲಿಟ್ಕಂಡು ಕುಂತಿದ್ಲು. ಅಲ್ಲಾಡುದ್ರೆ ನೋಯ್ತದೆ ಅಂತ ಡ್ರೈವರ್ಗೆ 'ನಿದಾನ್ಕೆ ಓಗಣ್ಣ, ನಿದಾನ್ಕೆ ಓಗಣ್ಣ' ಅಂತ ದಾರೀ ಉದ್ದಕ್ಕೂ ಏಳ್ತಿದ್ಲು. ಒಡ್ದೋಳು ಅಂಗ್ ಅಂತಾಳಾ?"

"ಸುಮ್ಕಿರು" ಎಂದರು ತಿಮ್ಮೇಗೌಡರು.

"ಎಷ್ಟ್ ದಿನ ಸುಮ್ಕಿರ್ಲಿ? ಊರ್ ಮುಖಂಡ ಏಳ್ದ ಅಂತ ಹೆಸ್ರು ಸೇರ್ಸುದ್ರಿ. ನಿನ್ ತಮ್ಮ ದಾರೀಗ್ ಬತ್ತಾನೆ ಅಂದ. ಬಂದ್ನಾ? ಆ ಹುಡ್ಗಿ ಈ ಬಾಗ್ಲು ಮುಂದೆ ತಲೆ ಬಗ್ಗುಸ್ಕಂಡು ಓಯ್ತಳೆ. ನಾನ್ ಒಳ್ಗಡೆ ಕುಂತು ನೋಡ್ತೀನಿ. ಇದೇನಾ ಗೆದ್ದಿದ್ದು?"

ತಿಮ್ಮೇಗೌಡರು ಎದ್ದು ಹಿತ್ತಿಲ ಕಡೆ ಹೋಗಿಬಿಟ್ಟರು. ಸಾಕಮ್ಮ ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಂಡು ಓದಿ ಹೇಳಿದೆ. ಹೆಬ್ಬೆಟ್ಟು ಒತ್ತಿದರು. ನಾನು ಏಳುವಾಗ, "ಇದು ಸಾಕಾ ಅವ್ಳಿಗೆ?" ಎಂದು ಕೇಳಿದರು.

ಸಾಲದು ಎಂದು ನನಗೆ ಗೊತ್ತಿತ್ತು. ಈ ಹೇಳಿಕೆ ನೌಕರಿಯ ವಿಚಾರಣೆಗೆ ಮಾತ್ರ. ಕೋರ್ಟಿನ ಕೇಸು ಕೋರ್ಟಿನಲ್ಲೇ ಮುಗಿಯಬೇಕು. ಆ ಕೇಸಿನ ಕಾಗದಗಳಲ್ಲಿ ಕಣ್ಣಾರೆ ಕಂಡ ಸಾಕ್ಷಿ ಎಂದು ಸಾಕಮ್ಮನ ಹೆಸರೂ ಇತ್ತು. ಅಲ್ಲಿ ಹೀಗೆ ಹೇಳಿ, ಹಾಗೆ ಹೇಳಿ ಎಂದು ಒಬ್ಬ ಸಾಕ್ಷಿಗೆ ಹೇಳಿಕೊಡುವ ಹಕ್ಕು ಪೊಲೀಸಿನವಳಾದ ನನಗಿಲ್ಲ. "ಕೇಸು ಮುಗಿಯೋವರೆಗೆ ಕೆಲಸ ಕೊಡೋದು ಕಷ್ಟ ಅಮ್ಮ. ನಿಮಗೆ ಕೋರ್ಟಿನಿಂದ ಸಮನ್ಸ್ ಬಂದಾಗ ಹೋಗಿ. ಕಂಡದ್ದನ್ನ ಹೇಳಿ. ಅಷ್ಟೇ ನಾನು ಹೇಳಬಹುದಾದದ್ದು" ಎಂದೆ. ಅವರು ಹಿಟ್ಟಿನ ಕೈಯಲ್ಲೇ ಮುಖ ಒರೆಸಿಕೊಂಡರು. ಕೆನ್ನೆಗೆ ಹಿಟ್ಟು ಮೆತ್ತಿಕೊಂಡಿತು.

ಠಾಣೆಗೆ ಬಂದು ವರದಿ ಬರೆದೆ. ಆಗ ನಮ್ಮ ಇನ್ಸ್‌ಪೆಕ್ಟರು ಮೂರ್ತಿ ಸಾಹೇಬರು. ಮೈಸೂರಿನ ಪುರೋಹಿತರ ಮನೆತನದವರು, ಒಂದು ಅಕ್ಷರ ಹೆಚ್ಚು ಬರೆಯದ ಮನುಷ್ಯ. ನನ್ನ ವರದಿ ಓದಿ ಕನ್ನಡಕ ತೆಗೆದಿಟ್ಟರು.

"ಕೇಸು ಬಾಕಿ ಇದೆ. ಒಂದು ಸಾಲು. ಅಲ್ಲಿಗೆ ಮುಗೀತು. ಈ ಆಟೋ, ತೊಡೆ, ನಿಧಾನಕ್ಕೆ ಹೋಗಣ್ಣ, ಇದೆಲ್ಲ ಏನಮ್ಮ? ನಾವೇನು ಜಡ್ಜುಗಳಾ?"

"ನಾನು ತೀರ್ಪು ಬರೆದಿಲ್ಲ ಸರ್. ಕೇಸು ಬಾಕಿ ಇದೆ ಅಂತ ಮೊದಲ ಸಾಲಿನಲ್ಲೇ ಇದೆ. ನೆರೆಯವರ ಹೇಳಿಕೆ ತಗೋಬೇಕು ಅಂತ ನಿಯಮ. ನೆರೆಯವರು ಹೇಳಿದ್ದು ಇದು."

"ದೂರು ಕೊಟ್ಟವನ ಹೆಂಡತಿ ದೂರು ಸುಳ್ಳು ಅಂತಿದಾಳೆ. ನಾಳೆ ಕೋರ್ಟಲ್ಲಿ ಅದೇ ಬಾಯಲ್ಲಿ ಬೇರೆ ಹೇಳಿದರೆ? ಇದರ ಕೆಳಗೆ ನನ್ನ ಸಹಿ ಇರುತ್ತೆ."

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಇವತ್ತಿಗೂ ಇಲ್ಲ ಎನ್ನುತ್ತೇನೆ. ಪ್ರತಿಯೊಬ್ಬರ ಕಥೆಗೂ ಕರಗಿ ಬರೆಯುತ್ತ ಹೋದರೆ ವರದಿಗೆ ಬೆಲೆ ಇರುವುದಿಲ್ಲ. ಬಾಯಿ ಚೆನ್ನಾಗಿರುವವರು ಗೆಲ್ಲುತ್ತಾರೆ. ಆದರೆ ಮೊದಲ ಸಾಲನ್ನಷ್ಟೇ ಕಳಿಸಿದರೆ ಅದನ್ನು ಓದುವ ಅಧಿಕಾರಿಗೆ ಪವಿತ್ರ ಎಂದರೆ ದೊಡ್ಡಪ್ಪನ ಕೈ ಮುರಿದವಳು. ಅದೂ ಪೂರ್ತಿ ನಿಜವಲ್ಲವಲ್ಲ. ನಾನು ವರದಿಯನ್ನು ವಾಪಸು ತೆಗೆದುಕೊಳ್ಳದೆ ನಿಂತಿದ್ದೆ. ಸಾಹೇಬರು ಕನ್ನಡಕ ಹಾಕಿಕೊಂಡು ಎರಡನೇ ಸಲ ಓದಿದರು. "ಅವಳೇ 'ಹೌದು' ಅಂತ ಬರೆದಿದಾಳಾ ನಮೂನೇಲಿ?" ಎಂದು ಕೇಳಿದರು. ಹೌದು ಸರ್ ಎಂದೆ. ವರದಿಯನ್ನು ಹತ್ತಿರಕ್ಕೆ ಎಳೆದುಕೊಂಡು ಸಹಿ ಹಾಕಿದರು. ನಾನು ತಿರುಗಿ ಹೊರಟಾಗ, "ಮುಂದಿನ ಸಲ ಆಟೋ ಬೇಡ" ಎಂದರು.

ಜೈಲು ಇಲಾಖೆಯವರು ಆಯ್ಕೆ ರದ್ದು ಮಾಡಲಿಲ್ಲ. ಕೇಸು ಇತ್ಯರ್ಥವಾಗುವವರೆಗೆ ನೇಮಕಾತಿ ತಡೆಹಿಡಿಯಲಾಗಿದೆ ಎಂದು ಪತ್ರ ಬಂತು. ಅವಳ ಜೊತೆಗೆ ಆಯ್ಕೆಯಾದವರು ತರಬೇತಿಗೆ ಹೊರಟರು. ಪವಿತ್ರ ಮದ್ದೂರಿನ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ನಿಂತಳು. ನಾನು ಬಸ್ ಸ್ಟ್ಯಾಂಡಿನ ಬಳಿ ಹಾದುಹೋಗುವಾಗ ಒಮ್ಮೊಮ್ಮೆ ಕಾಣುತ್ತಿದ್ದಳು. "ಡೇಟ್ ಆಯ್ತಾ?" ಎಂದರೆ, "ಮುಂದಕ್ಕೋಯ್ತು ಮೇಡಂ" ಎನ್ನುತ್ತಿದ್ದಳು. ಎಷ್ಟು ಸಲ ಹೀಗೆ ಕೇಳಿದೆನೋ. ಆಮೇಲೆ ಕೇಳುವುದನ್ನೇ ಬಿಟ್ಟೆ. ಅವಳೂ ಸುಮ್ಮನೆ ನಕ್ಕು ಸೀರೆ ಮಡಿಸುತ್ತಿದ್ದಳು.

ಕೊನೆಗೆ ಸಾಕ್ಷಿ ವಿಚಾರಣೆಯ ದಿನ ಬಂತು. ನನಗೆ ಅಂದು ಬೇರೆ ಕೇಸಿಗಾಗಿ ಕೋರ್ಟಿನ ಡ್ಯೂಟಿ ಇತ್ತು. ಬಾಗಿಲ ಬಳಿ ನಿಂತಿದ್ದೆ. ತಿಮ್ಮೇಗೌಡರನ್ನು ಕರೆದರು. ತಮ್ಮ ಹೊಡೆದದ್ದನ್ನು ಹೇಳಿದರು. ಸೊಟ್ಟಗಾದ ಕೈ ತೋರಿಸಿದರು. ಬೇರೆ ಯಾರಿದ್ದರು ಎಂದು ಕೇಳಿದಾಗ ಆರೋಪಿಗಳ ಕಡೆ ನೋಡಿದರು. ಪವಿತ್ರ ಅಪ್ಪನ ಪಕ್ಕದಲ್ಲಿ ನಿಂತಿದ್ದಳು. "ಗಲಾಟೇಲಿ ಯಾರ್ಯಾರಿದ್ರೋ ಸರ್ಯಾಗಿ ನೆಪ್ಪಿಲ್ಲ ಸೋಮಿ" ಎಂದು ಗೊಣಗಿದರು. ಅದು ಸತ್ಯವೂ ಅಲ್ಲ, ಸುಳ್ಳೂ ಅಲ್ಲ. ಅಷ್ಟಕ್ಕೇ ಅವರ ಹಣೆಯಲ್ಲಿ ಬೆವರು ಇಳಿಯುತ್ತಿತ್ತು.

ಸಾಕಮ್ಮ ಹಾಗೆ ಗೊಣಗಲಿಲ್ಲ. ಕಟಕಟೆಯ ಕಂಬಿ ಹಿಡಿದು ನಿಂತರು.

"ಒಡ್ದೋನು ನನ್ ಮೈದ. ಅದ ನಾನ್ ಕಂಡಿವ್ನಿ. ಅವ್ನ್ ಎಂಡ್ರು ಬಿಡುಸ್ಕಳಾಕೆ ಬಂದ್ಲು. ಆ ಕೂಸು ಅಲ್ಲಿರ್ನಿಲ್ಲ. ಆಮ್ಯಾಕೆ ಬಂದ್ಲು. ಬಂದು ಆಸ್ಪತ್ರೆಗ್ ಕರ್ಕೋದ್ಲು."

ಸರ್ಕಾರಿ ವಕೀಲರು, ಪೊಲೀಸರ ಮುಂದೆ ನೀವು ಬೇರೆ ಹೇಳಿದ್ದೀರಲ್ಲ ಎಂದರು.

"ನನ್ನ ಯಾರೂ ಕೇಳ್ನಿಲ್ಲ ಸೋಮಿ. ನಮ್ಮನೇವ್ರ ಕೇಳುದ್ರು, ನನ್ ಹೆಸ್ರು ಬರ್ಕಂಡ್ರು."

ನ್ಯಾಯಾಧೀಶರು ತಲೆ ಎತ್ತಿ ಆಕೆಯನ್ನೇ ಒಂದು ಕ್ಷಣ ನೋಡಿದರು. ಕಟಕಟೆಯಿಂದ ಇಳಿದ ಸಾಕಮ್ಮ ಗಂಡನ ಪಕ್ಕ ಹೋಗಿ ಕೂತರು. ತಿಮ್ಮೇಗೌಡರು ಸರಿದು ಜಾಗ ಬಿಟ್ಟರು. ಮನೆಗೆ ಹೋದ ಮೇಲೆ ಏನಾಗುತ್ತದೋ ಎಂದು ನನಗೆ ಭಯವಿತ್ತು. ಅವರಿಬ್ಬರೂ ಒಂದೇ ಬಸ್ಸು ಹತ್ತಿದ್ದನ್ನು ನೋಡಿದ ಮೇಲೆ ಸ್ವಲ್ಪ ಸಮಾಧಾನವಾಯಿತು.

ತೀರ್ಪು ಬರಲು ಇನ್ನೂ ಸ್ವಲ್ಪ ಕಾಲ ಹಿಡಿಯಿತು. ಪುಟ್ಟಸ್ವಾಮಿ ತಪ್ಪಿತಸ್ಥನೆಂದಾಯಿತು. ಮೊದಲ ಅಪರಾಧವೆಂದು ಮುಚ್ಚಳಿಕೆ ಬರೆಸಿಕೊಂಡು ಬಿಟ್ಟರು. ತಾಯಿ ಮಗಳು ನಿರ್ದೋಷಿಗಳು ಎಂದರು. ಪವಿತ್ರ ತೀರ್ಪಿನ ಪ್ರತಿ ಹಿಡಿದು ಇಲಾಖೆಗೆ ಅರ್ಜಿ ಹಾಕಿದಳು. ಹಳೆಯ ವರದಿಯ ಅವಧಿ ಮುಗಿದಿದೆ, ಹೊಸದಾಗಿ ವಿಚಾರಣೆ ಮಾಡಿ ಎಂದು ಕಾಗದ ಬಂದದ್ದು ಮತ್ತೆ ನನ್ನ ಮೇಜಿಗೇ. ನನ್ನ ನಿವೃತ್ತಿ ಹತ್ತಿರವಿತ್ತು. ಕೇಸಿದೆಯೇ ಎಂಬಲ್ಲಿ ಅವಳು ಈ ಸಲವೂ "ಹೌದು" ಎಂದೇ ಬರೆದು, ಮುಂದೆ "ಖುಲಾಸೆ" ಎಂದು ಸೇರಿಸಿದ್ದಳು.

ಮತ್ತೆ ಆ ಊರಿಗೆ ಹೋದೆ. ಮತ್ತೆ ಇಬ್ಬರು ನೆರೆಯವರು ಬೇಕಿತ್ತು. ಎಡಗಡೆಯ ಮುದುಕ ತೀರಿಕೊಂಡಿದ್ದ. ಅವನ ಸೊಸೆ ಹೇಳಿಕೆ ಕೊಟ್ಟಳು. ಬಲಗಡೆಯ ಮನೆಗೆ ಹೋದೆ. ಸಾಕಮ್ಮ ಮನೆಯಲ್ಲಿರಲಿಲ್ಲ, ತವರಿಗೆ ಹೋಗಿದ್ದರು. ತಿಮ್ಮೇಗೌಡರು ಒಬ್ಬರೇ ಜಗಲಿಯ ಮೇಲೆ ತೆಂಗಿನಗರಿ ಸೀಳುತ್ತಿದ್ದರು. ಇನ್ನೊಂದು ದಿನ ಬರುತ್ತೇನೆ ಎಂದು ಹೊರಟೆ.

"ಯಾಕೆ? ನಾನ್ ನೆರೆಯೋನಲ್ವಾ?" ಎಂದರು.

ಕೂತೆ. ಪುಸ್ತಕ ತೆಗೆದೆ. "ಪವಿತ್ರಳ ನಡತೆ ಬಗ್ಗೆ ಹೇಳಿ" ಎಂದೆ.

ಗರಿ ಕೆಳಗಿಟ್ಟರು. "ನನ್ ತಮ್ಮನ್ ನಡತೆ ಕೇಳಿ, ಎರಡ್ ಹಾಳೆ ಬರುಸ್ತೀನಿ. ಇವತ್ಗೂ ಅವ್ನ ಮಕ ನೋಡಲ್ಲ ನಾನು. ಅವ್ಳ್ದು ಏನೈತೆ ಬರ್ಸಾಕೆ? ಒಳ್ಳೇವ್ಳು. ಅಷ್ಟೇ ಬರ್ಕಳಿ."

ಬರೆದುಕೊಂಡೆ. ಪೆನ್ನು ಕೊಟ್ಟೆ. ಸೊಟ್ಟಗಾದ ಬಲಗೈಯ ಮೊಣಕೈಯನ್ನು ತೊಡೆಗೆ ಊರಿ, ಅಕ್ಷರ ಅಕ್ಷರವಾಗಿ ಹೆಸರು ಬರೆದು ಮುಗಿಸಿದರು.

ಹೊರಗೆ ಬಂದರೆ ಪುಟ್ಟಸ್ವಾಮಿ ತನ್ನ ಬಾಗಿಲಲ್ಲಿ ನಿಂತಿದ್ದ. ನಾನು ಆ ಮನೆಯೊಳಗೆ ಹೋದದ್ದನ್ನು ನೋಡಿದ್ದ.

"ಅಣ್ಣ ಏನಂದ ಮೇಡಮ್ಮೋರೆ?"

"ಅದನ್ನ ಹೇಳೋ ಹಾಗಿಲ್ಲಪ್ಪ. ಗೌಪ್ಯ" ಎಂದೆ.

"ಸೈನ್ ಮಾಡುದ್ನಾ?"

ಅದನ್ನೂ ಹೇಳಬಾರದು. ಹೌದೆಂಬಂತೆ ತಲೆ ಮಾತ್ರ ಆಡಿಸಿದೆ. ಅವನು ಹೆಗಲ ಮೇಲಿದ್ದ ಟವೆಲನ್ನು ತೆಗೆದು ಮಡಿಸಿದ, ಮತ್ತೆ ಬಿಚ್ಚಿದ, ಮತ್ತೆ ಮಡಿಸಿದ. ಮಗಳ ಕೆಲಸದ ಬಗ್ಗೆ ಕೇಳುತ್ತಾನೆ ಎಂದುಕೊಂಡಿದ್ದೆ.

"ಬಲಗೈಯಲ್ಲೇ ಮಾಡುದ್ನಾ? ಆಡ್ತದಾ ಅವ್ನ್ ಕೈ ಈಗ?"

"ಆಡುತ್ತೆ" ಎಂದೆ.